ಮೆತ್ತಗಿದ್ದ ದಿನಗಳು

ಚೆನ್ನೈಗೆ ಸಾಮಾನು ಕಟ್ಟಲೆಂದು ಹೋದ ತಿಂಗಳು ಬೀರು ಖಾಲಿ ಮಾಡುವಾಗ ಮಗಳ ಮೂರು ಹಳೆಯ ಯೂನಿಫಾರ್ಮುಗಳು ಸಿಕ್ಕವು. ಬೆಂಗಳೂರಿನದೊಂದು, ಹೈದರಾಬಾದಿನದೊಂದು, ಪುಣೆಯ ಮೊದಲ ವರ್ಷದ್ದೊಂದು. ಪಕ್ಕಪಕ್ಕ ಹಾಸಿಟ್ಟಾಗ ನನಗೆ ನೆನಪಾದದ್ದು ಟ್ರೈಲೊಬೈಟ್.

ಅದಕ್ಕೆ ಕಾರಣವಿದೆ. ನನ್ನ ಮೇಜಿನ ಮೇಲೆ ಪೇಪರ್‌ವೇಟಿನ ಹಾಗೆ ಮೊರೊಕ್ಕೊದ ಒಂದು ಟ್ರೈಲೊಬೈಟ್ ಪಳೆಯುಳಿಕೆ ಕೂತಿದೆ. ಕಲ್ಲು, ಖನಿಜಗಳ ಪ್ರದರ್ಶನವೊಂದರಲ್ಲಿ ಮಗಳೇ ಹಟ ಮಾಡಿ ಕೊಡಿಸಿಕೊಂಡದ್ದು. ಉದ್ದುದ್ದ ಕಾಲ್‌ಗಳ ನಡುವೆ ಅದರ ಬೆನ್ನಿನ ಪಟ್ಟಿಗಳನ್ನು ಎಣಿಸುತ್ತ, ಕೊನೆಗೆ ಅದರ ಬಗ್ಗೆ ಓದಲು ಶುರುಮಾಡಿದೆ.

ಸುಮಾರು 52 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಕಾಣಿಸಿಕೊಂಡು, 25 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದುಹೋದ ಜೀವಿಗಳಿವು. ಏಡಿ, ಸಿಗಡಿಗಳ ಹಾಗೆ ಮೈಮೇಲೆ ಗಟ್ಟಿ ಚಿಪ್ಪು. ಚಿಪ್ಪು ಹಿಗ್ಗುವುದಿಲ್ಲ, ಒಳಗಿನ ಜೀವ ಬೆಳೆಯಬೇಕೆಂದರೆ ಅದನ್ನು ಕಳಚಲೇಬೇಕು. ಮರಿ ಒಂದು ಮಿಲಿಮೀಟರಿಗಿಂತ ಚಿಕ್ಕದು, ಇಡೀ ಮೈಗೆ ಒಂದೇ ಬಿಲ್ಲೆ. ಇದು ಪ್ರೋಟಾಸ್ಪಿಸ್ ಹಂತ. ತಲೆಗೂ ಬಾಲಕ್ಕೂ ನಡುವೆ ಮೊದಲ ಕೀಲು ಮೂಡಿದರೆ ಮೆರಾಸ್ಪಿಸ್. ಹೊಸ ಪಟ್ಟಿಗಳು ಹುಟ್ಟುವುದು ಬಾಲದ ತುದಿಯ ಹತ್ತಿರ. ಅಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದು, ಪೊರೆ ಕಳಚುತ್ತ ಹೋದಂತೆ ಬಾಲದ ಮುಂಭಾಗದಿಂದ ಬಿಡಿಸಿಕೊಂಡು ಎದೆಗೆ ಸೇರುತ್ತವೆ. ಎದೆಯ ಪಟ್ಟಿಗಳು ಪೂರ್ತಿಯಾದಾಗ ಹೋಲಾಸ್ಪಿಸ್. ಆಮೇಲೆ ಪಟ್ಟಿ ಹೆಚ್ಚುವುದಿಲ್ಲ, ಆದರೆ ಕಳಚುವುದೂ ನಿಲ್ಲುವುದಿಲ್ಲ. ಗಾತ್ರ ಬೆಳೆಯುತ್ತಲೇ ಇರುತ್ತದೆ.

ಪ್ರಾಗ್‌ನಲ್ಲಿ ನೆಲೆಸಿದ್ದ ಬರಾಂದ್ ಎಂಬ ಫ್ರೆಂಚ್ ಎಂಜಿನಿಯರ್ 1852ರ ತನ್ನ ಗ್ರಂಥದಲ್ಲಿ, ಸಾವೊ ಹಿರ್ಸುಟಾ ಎಂಬ ಟ್ರೈಲೊಬೈಟಿನ ಮರಿಯಿಂದ ಹಿಡಿದು ಬೆಳೆದದ್ದರವರೆಗಿನ ಹಂತಗಳನ್ನು ಸಾಲಾಗಿ ಜೋಡಿಸಿ ತೋರಿಸಿದ. ಅದಕ್ಕೂ ಮೊದಲು ಅವನ್ನು ಬೇರೆ ಬೇರೆ ಜೀವಿಗಳೆಂದು ತಿಳಿದು ಬೇರೆ ಬೇರೆ ಹೆಸರು ಕೊಟ್ಟಿದ್ದರು.

ನಮಗೆ ಸಿಗುವ ಟ್ರೈಲೊಬೈಟ್ ಪಳೆಯುಳಿಕೆಗಳಲ್ಲಿ ಬಹಳಷ್ಟು ಸತ್ತ ದೇಹಗಳಲ್ಲ, ಕಳಚಿಬಿಟ್ಟ ಚಿಪ್ಪುಗಳು. ಕಳಚಿದ ಕೂಡಲೇ ಹೊಸ ಚಿಪ್ಪು ಮೆತ್ತಗಿರುತ್ತದೆ. ಇಂದಿನ ಏಡಿ ಆ ಹೊತ್ತಿನಲ್ಲೇ ನೀರು ಹೀರಿ ಮೈ ಹಿಗ್ಗಿಸಿಕೊಳ್ಳುತ್ತದೆ. ಬೆಳೆಯುವುದೂ ಆಗಲೇ, ಅಪಾಯವೂ ಆಗಲೇ. ಕಲ್ಲಿನಲ್ಲಿ ಉಳಿಯುವುದು ಮಾತ್ರ ಗಟ್ಟಿಯಾಗಿದ್ದದ್ದು.

ಹೈದರಾಬಾದಿನಿಂದ ಪುಣೆಗೆ ಬಂದದ್ದು ನನ್ನ ಪ್ರಾಜೆಕ್ಟಿಗಾಗಿ. ಮಗಳು ಆಗ ಏಳನೇ ತರಗತಿ. ಗೊತ್ತಿಲ್ಲದ ಮರಾಠಿ, ಗೆಳತಿಯರಿಲ್ಲ. ಮೂರು ತಿಂಗಳು ಶಾಲೆಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನಾನು ಮಾಡಿದ್ದು ಒಂದು ಎಕ್ಸೆಲ್ ಶೀಟ್. ಮರಾಠಿ, ಗಣಿತ, ಹೊಸ ಗೆಳತಿಯರು, ಹೀಗೆ ಸಾಲುಗಳು. ಎದುರಿಗೆ ಹಸಿರು, ಹಳದಿ, ಕೆಂಪು. ರಾತ್ರಿ ಊಟದ ಹೊತ್ತಿಗೆ ಸ್ಟೇಟಸ್ ಕೇಳುವುದು. ಧಾರವಾಡದಿಂದ ಬಂದಿದ್ದ ಅವ್ವ ನೋಡಿ, "ಕೂಸಿನ ಜೀವಾ ತಿನಬ್ಯಾಡೋ, ಸ್ವಲ್ಪ ಸುಮ್ಮನಿರು" ಅಂದಳು. ನಾನು ಸುಮ್ಮನಿರಲಿಲ್ಲ. ಒಂದು ರಾತ್ರಿ ಮಗಳು ತಟ್ಟೆ ನೋಡುತ್ತಲೇ, "ಅಪ್ಪಾ, ಇವತ್ತೊಂದಿನ ಕೇಳಬ್ಯಾಡ್ರಿ" ಅಂದಳು. ಆದರೂ ಕೇಳಿದೆ.

"ಎಲ್ಲಾ ಗ್ರೀನ್ ಅಪ್ಪಾ."

ಆಮೇಲೆ ದಿನಾ ಅದೇ ಉತ್ತರ. ಬೈಸಿಕೊಳ್ಳಬಾರದೆಂದು ನನ್ನ ಟೀಮಿನ ಹುಡುಗರು ಕೊಡುವ ಉತ್ತರ ಅದು. ಅವರು ಹೇಳಿದರೆ ಹಿಡಿಯುತ್ತೇನೆ. ಮಗಳು ಹೇಳಿದಾಗ ಶೀಟಿನಲ್ಲಿ ಹಸಿರು ತುಂಬಿ ನೆಮ್ಮದಿಯಾಗಿ ಮಲಗಿದೆ.

ಈಗ ಅವಳ ಹತ್ತನೇ ತರಗತಿ ಪರೀಕ್ಷೆ ಮುಗಿದಿದೆ. ಆಟೋದವರ ಜೊತೆ ಮರಾಠಿಯಲ್ಲೇ ಜಗಳ ಆಡುತ್ತಾಳೆ. ಗೋಡೆಗೆ ಮುಖ ಮಾಡಿದ್ದ ಹುಡುಗಿ ಯಾವಾಗ, ಹೇಗೆ ಹೀಗಾದಳೋ ನನಗೆ ಗೊತ್ತಿಲ್ಲ. ಯೂನಿಫಾರ್ಮ್ ಮಡಚುತ್ತ, "ಆಗ ಏನಾಗಿತ್ತವ್ವಾ ನಿನಗ?" ಅಂತ ಕೇಳಿದೆ. "ಈಗ್ಯಾಕ್ರಿ ಅಪ್ಪಾ?" ಅಂದವಳು ಪುಣೆಯ ಸ್ಕರ್ಟನ್ನು ಸೊಂಟಕ್ಕೆ ಹಿಡಿದು ನೋಡಿ, ನಕ್ಕು, ನನ್ನ ಕೈಗೇ ಕೊಟ್ಟು ಹೋದಳು.

ಅವತ್ತು ರಾತ್ರಿ ಆ ಶೀಟ್ ತೆರೆದೆ. ಇನ್ನೂ ಲ್ಯಾಪ್‌ಟಾಪಿನಲ್ಲಿದೆ. ಕೊನೆಯ ಎರಡು ತಿಂಗಳು ಪೂರ್ತಿ ಹಸಿರು, ಎಲ್ಲಿಯೂ ಮಗಳಿಲ್ಲ.

ಜೂನಿನಲ್ಲಿ ಚೆನ್ನೈ. ಮತ್ತೆ ಹೊಸ ಶಾಲೆ, ಹೊಸ ಭಾಷೆ. ಈ ಸಲ ಊಟದ ಹೊತ್ತಿಗೆ ಊಟವನ್ನಷ್ಟೇ ಮಾಡಬೇಕೆಂದಿದ್ದೇನೆ.