ತೂರುವ ಗಾಳಿ

ಮಂಡ್ಯ, ಮದ್ದೂರುಗಳ ನಾಲೆಯ ಬಯಲಿಗೆ ಕಬ್ಬು, ಭತ್ತಗಳು ಹೇಗೋ, ಮಳವಳ್ಳಿಯ ಕಡೆಯ ನಮ್ಮ ಬೆದ್ದಲು ಹೊಲಕ್ಕೆ ರಾಗಿ ಹಾಗೆ. ನಮ್ಮ ಬಾಲ್ಯದಲ್ಲಿ ಒಂದು ಸಂಜೆ ಕಣದಲ್ಲಿ ರಾಗಿಯನ್ನು ತೂರುತ್ತಿದ್ದಾಗ ಗಾಳಿ ಏಕಾಏಕಿ ಬಿರುಸಾಯಿತು. ಹೊಟ್ಟಿನೊಡನೆ ಕಾಳೂ ಹಾರಿ ಬೇಲಿಯಾಚೆ ಬೀಳತೊಡಗಿತು. “ಮೊರ ಇಳಿಸ್ರವ್ವ, ಬಿತ್ತನೆಗೂ ಉಳಿಯಾಕಿಲ್ಲ!” ಎಂದು ಅಜ್ಜಿ ಕೂಗಿದುದು ಇನ್ನೂ ನಮ್ಮ ಕಿವಿಯಲ್ಲಿದೆ.

ಆಕಾಶದಲ್ಲಿಯೂ ಇಂತಹ ಗಾಳಿಯುಂಟೆಂದರೆ ವಾಚಕರು ಬೆರಗಾಗಬಹುದು. ನಕ್ಷತ್ರಗಳ ಮಹಾಕೂಟಗಳಾದ ದೊಡ್ಡ ಗೆಲಾಕ್ಸಿಗಳ ನಡುವೆ ಸಾಮಾನ್ಯವಾಗಿ ಒಂದು ಮಹಾ ಕಪ್ಪುಕುಳಿ ಇರುವುದು. ನಮ್ಮ ಆಕಾಶಗಂಗೆಯದು ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದು. ಬೆಳಕನ್ನೂ ಹೊರಬಿಡದ ಕುಳಿಯಿಂದ ಗಾಳಿ ಬೀಸುವುದೆಂತು? ಗಾಳಿ ಹುಟ್ಟುವುದು ಕುಳಿಯೊಳಗಲ್ಲ, ಅದರ ಹೊಸ್ತಿಲಿನಾಚೆ. ಬೀಳಲಿರುವ ಅನಿಲವು ತಟ್ಟೆಯಾಕಾರದಲ್ಲಿ ಸುತ್ತುತ್ತ ಕಾದು ಪ್ರಜ್ವಲಿಸುವುದು. ಬೆಳಕಿನ ಒತ್ತಡದಿಂದಲೂ ಕಾಂತಬಲದಿಂದಲೂ ಅದರಲ್ಲೊಂದು ಪಾಲು ಹೊರಕ್ಕೆ ಚಿಮ್ಮುವುದು. ಪಿಡಿಎಸ್ 456 ಎಂಬ ಕ್ವೇಸಾರಿನ ಗಾಳಿಯು ಬೆಳಕಿನ ವೇಗದ ಸುಮಾರು ಕಾಲುಭಾಗದಷ್ಟು ವೇಗದಿಂದ ಹೆಚ್ಚುಕಡಿಮೆ ಎಲ್ಲ ದಿಕ್ಕಿಗೂ ಬೀಸುತ್ತಿರುವುದಾಗಿ 2015ರಲ್ಲಿ ಪ್ರಕಟವಾಯಿತು.

ಅನಿಲವೇ ನಕ್ಷತ್ರಗಳ ಬಿತ್ತನೆ. ಅದು ತಂಪಾಗಿ ಒತ್ತಾಗಿ ಕುಸಿದರೆ ಮಾತ್ರ ನಕ್ಷತ್ರ ಹುಟ್ಟುವುದು. ಬಿರುಗಾಳಿಯು ಅದನ್ನು ಕಾಯಿಸಿದರೆ, ಇಲ್ಲವೆ ಗೆಲಾಕ್ಸಿಯಿಂದಾಚೆಗೆ ತೂರಿದರೆ, ಹೊಸ ಹುಟ್ಟು ನಿಲ್ಲುವುದು. ನೀಲಿಯಾಗಿ ಉರಿಯುವ ನಕ್ಷತ್ರಗಳು ಅಲ್ಪಾಯುಗಳು. ಅವು ತೀರಿದ ಮೇಲೆ ಕೆಂಪಾದ ಹಳೆಯವಷ್ಟೇ ಉಳಿಯುವುವು. ಅನಿಲ ತೀರಿದರೆ ಕುಳಿಗೂ ಆಹಾರವಿಲ್ಲ, ಗಾಳಿಯೂ ತಗ್ಗುವುದು. ಆದರೆ ಕೆಲವೆಡೆ ಅದೇ ಗಾಳಿಯು ಅನಿಲವನ್ನು ಅದುಮಿ ಹೊಸ ನಕ್ಷತ್ರಗಳನ್ನು ಹುಟ್ಟಿಸುವುದೂ ಉಂಟು. ಗಾಳಿ ಮಿತ್ರನೋ ಶತ್ರುವೋ ಎಂಬುದು ಅದರ ಅಳತೆಯಲ್ಲಿದೆ.

ಎಳೆಯ ನಕ್ಷತ್ರಗಳು ಅತಿನೇರಳೆ ಬೆಳಕಿನಲ್ಲಿ ಚೆನ್ನಾಗಿ ಕಾಣುವುವು. 2015ರ ಸೆಪ್ಟೆಂಬರ್ 28ರಂದು ಗಗನಕ್ಕೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅಂತಹ ಬೆಳಕಿನ ದೂರದರ್ಶಕವುಂಟು. ಅದರ ನಿರ್ಮಾಣದ ಮುಂದಾಳು ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

ನಮ್ಮ ಆಕಾಶಗಂಗೆಯ ಕುಳಿ ಈಗ ಶಾಂತವಾಗಿದೆ. ಆದರೆ ಅದರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಸುಮಾರು 25,000 ಜ್ಯೋತಿರ್ವರ್ಷಗಳಷ್ಟು ಉಬ್ಬಿದ ಎರಡು ಗುಳ್ಳೆಗಳು 2010ರಲ್ಲಿ ಗೋಚರವಾದುವು. ಅವು ಹಿಂದಿನ ಬಿರುಗಾಳಿಯೊಂದರ ಗುರುತಿರಬಹುದೆಂದು ಹಲವು ವಿದ್ವಾಂಸರ ಊಹೆ.

ಹಾರಿಹೋದ ಅನಿಲದಲ್ಲಿ ಒಂದಷ್ಟು ತಂಪಾಗಿ ಮರಳಿ ಬೀಳುವುದುಂಟಂತೆ. ಮರುದಿನ ಬೆಳಗ್ಗೆ ಅಜ್ಜಿ ಬೇಲಿಯಾಚೆಯ ಮಣ್ಣನ್ನೆಲ್ಲ ಗುಡಿಸಿ, ಜರಡಿ ಹಿಡಿದು, ಎರಡು ಸೇರು ರಾಗಿಯನ್ನು ಉಳಿಸಿದಳು. ಮುಂದಿನ ಮಳೆಗಾಲಕ್ಕೆ ನಾವು ಬಿತ್ತಿದುದು ಅದನ್ನೇ.