ಬಳೆ ದುಡ್ಡಿನ ಪೆಟ್ಟಿಗೆ

ಚಿಕ್ಕಪೇಟೆಗೆ ಹೋಗಿ ಒಂದು ಸೀರೆಯನ್ನೂ ಮುಟ್ಟಿ ನೋಡದೆ ವಾಪಸು ಬಂದ ಹೆಂಗಸು ಇಡೀ ತಿಪಟೂರಿನಲ್ಲಿ ಬಹುಶಃ ನಾನೊಬ್ಬಳೇ ಇರಬೇಕು. 2023ರ ದಸರೆಗೆ ಹದಿನೈದು ದಿನ ಮುಂಚೆ ನಾನೂ ನನ್ನ ಮಗಳೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ನನ್ನ ಕೈಚೀಲದಲ್ಲಿ ಚೀಟಿ ಎತ್ತಿದ 75 ಸಾವಿರ ರೂಪಾಯಿ ಇತ್ತು. ಮೂರು ವರ್ಷ ಕಟ್ಟಿದ ಚೀಟಿ. ಸವೆದು ತಂತಿಯಂತಾಗಿದ್ದ ನನ್ನ ಬಳೆಗಳಿಗೆ ಒಂದಿಷ್ಟು ಚಿನ್ನ ಸೇರಿಸಿ ಹೊಸದು ಮಾಡಿಸಬೇಕೆಂದು ಕೂಡಿಟ್ಟದ್ದು.

ಆ ವರ್ಷ ಜೂನ್ ತಿಂಗಳಲ್ಲಿ ಮಗಳಿಗೆ ನೀಟ್ ಪರೀಕ್ಷೆ ಎರಡನೆಯ ಸಲವೂ ಕೈಕೊಟ್ಟಿತ್ತು. ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ.ಗೆ ಸೇರಿಸಿದೆವು. ಹೋಗುತ್ತಿದ್ದಳು, ಬರುತ್ತಿದ್ದಳು, ಅಷ್ಟೆ. ತಟ್ಟೆಯ ಮುಂದೆ ಕೂತರೆ ಎರಡು ತುತ್ತು. ಮತ್ತೆ ಕೋಣೆಯ ಬಾಗಿಲು ಮುಂದಕ್ಕೆ. ಇವರು ಬೈಯಲಿಲ್ಲ, ಮಾತು ಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು ಎನಿಸುತ್ತಿತ್ತು ನನಗೆ. ಒಂದು ರಾತ್ರಿ ಅವಳು ನಿದ್ದೆ ಹೋದ ಮೇಲೆ ದಿಂಬಿನ ಪಕ್ಕದಲ್ಲಿದ್ದ ನೋಟ್‌ಬುಕ್ಕನ್ನು ಕಳ್ಳಿಯ ಹಾಗೆ ತೆಗೆದು ನೋಡಿದೆ. ಏನು ಬರೆದಿರುತ್ತಾಳೋ ಎಂದು ನನ್ನ ಕೈ ನಡುಗುತ್ತಿತ್ತು. ಹೆತ್ತವರಿಗೆ ಗೊತ್ತು ಆ ಹೆದರಿಕೆ. ನೋಡಿದರೆ ಪುಟದ ತುಂಬ ಸಾಮಾನಿನ ಪಟ್ಟಿ! ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಎದುರಿಗೆ ಬೆಲೆ, ಅಳಿಸಿ ಮತ್ತೆ ಬರೆದ ಬೆಲೆ, ಕೆಳಗೆ ಕೂಡಿದ ಮೊತ್ತ. ಇಪ್ಪತ್ತು ಪುಟಗಳಲ್ಲಿ ಇಪ್ಪತ್ತು ಪಟ್ಟಿ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ವಿಷಯ ತಿಳಿದಾಗ ಇವರು ಅಂದದ್ದು ಒಂದೇ ಮಾತು: “ಸೀಟು ಸಿಗದಿದ್ದಕ್ಕೆ ಬಹುಮಾನವೋ?” ನಾನು ಉತ್ತರ ಕೊಡಲಿಲ್ಲ. ಅವಳ ಅಣ್ಣ ಇಂಜಿನಿಯರಿಂಗ್ ಸೇರಿದಾಗ ಲ್ಯಾಪ್‌ಟಾಪ್ ತಂದುಕೊಟ್ಟದ್ದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ರೈಲಿನಲ್ಲಿ ಮಗಳು ನನಗೆ ಪಾಠ ಮಾಡಿದಳು. ಮೂರು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು, ನಾನು ಅರ್ಥವಾಗದಿದ್ದರೂ ಹೂಂಗುಟ್ಟುತ್ತಾ ಹೋದೆ. ಆಮೇಲೆ ಅರ್ಥವೂ ಆಗತೊಡಗಿತು. ಆಟದ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡೇ ಯಜಮಾನನಂತೆ. ಪರದೆಯ ಮೇಲೆ ಸೆಕೆಂಡಿಗೆ ಅರವತ್ತು ಚಿತ್ರ ಬರೆದರೆ ಆಟ ನೀರಿನ ಹಾಗೆ ಹರಿಯುತ್ತದೆ, ಆ ಬರೆಯುವ ಕೆಲಸ ಅದರದ್ದು. ನಮ್ಮ ದುಡ್ಡಿನಲ್ಲಿ 30 ಸಾವಿರ ಅದೊಂದಕ್ಕೇ. ಇನ್ನು ಪ್ರೊಸೆಸರಿಗೆ ತಕ್ಕ ಮದರ್‌ಬೋರ್ಡ್ ಬೇಕು, ಜಾತಕ ಕೂಡಿಬಂದ ಹಾಗೆ. ಅವಳು ಆರಿಸಿದ ರೈಜನ್ 5 5600 ಕೂರುವುದು ಎಎಂ4 ಎಂಬ ಪೀಠದ ಮೇಲೆ. ಅದು 2016ರಲ್ಲಿ ಬಂದದ್ದು. ಎಎಂ5 2022ರದ್ದು. ಹೊಸದನ್ನು ಕೊಂಡರೆ ಮುಂದೆ ಪ್ರೊಸೆಸರ್ ಒಂದನ್ನೇ ಬದಲಾಯಿಸಬಹುದು, ಆದರೆ ಅದಕ್ಕೆ ಡಿಡಿಆರ್5 ಮೆಮೊರಿಯೇ ಆಗಬೇಕು, ಖರ್ಚು ಏರುತ್ತದೆ. “ಏನು ಮಾಡಲಮ್ಮ?” ಅಂದಳು. ಬೆಳೆಯುವ ಹುಡುಗಿ ಎಂದು ಅಮ್ಮ ನನಗೆ ಹೊಲಿಸುತ್ತಿದ್ದ ದೊಗಲೆ ಲಂಗಗಳು ನೆನಪಾದವು. ನಾನು ಬೆಳೆಯುವ ಹೊತ್ತಿಗೆ ಅವು ಹರಿದಿರುತ್ತಿದ್ದವು. “ಈಗ ಅಳತೆಗೆ ಸರಿಯಾದ್ದನ್ನೇ ತೆಗೋ” ಅಂದೆ.

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಎಸ್.ಪಿ. ರಸ್ತೆಗೆ ನಡೆದೇ ಹೋದೆವು. ಸಾದರ ಪತ್ರಪ್ಪ ರಸ್ತೆ ಎಂಬ ಅದರ ಪೂರ್ತಿ ಹೆಸರು ನನಗೆ ಗೊತ್ತಾದದ್ದೂ ಆವತ್ತೇ. ಇಕ್ಕಟ್ಟಾದ ರಸ್ತೆ, ತಲೆಯ ಮೇಲೆ ವೈರುಗಳ ಜಡೆ, ಅಂಗಡಿಯ ಮೇಲೆ ಅಂಗಡಿ. ಮೊದಲ ಅಂಗಡಿಯವನು ಮಗಳನ್ನು ಬಿಟ್ಟು ನನ್ನನ್ನು ಕೇಳಿದ, “ಮೇಡಂ, ಮಗ ಬಂದಿಲ್ವಾ?” ಮಗಳು ಪಟ್ಟಿ ತೆಗೆದು ಅವನ ಮುಂದಿಟ್ಟಳು. ಅವನು 15 ಸಾವಿರಕ್ಕೇ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ತೋರಿಸಿದ. ಅರ್ಧಕ್ಕರ್ಧ ಉಳಿಯುತ್ತದಲ್ಲ ಎಂದು ನನ್ನ ಕಣ್ಣರಳಿತು. ಮಗಳು ನನ್ನ ಸೆರಗು ಜಗ್ಗಿದಳು. ಎಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಹುಟ್ಟಿಸಲು ಜನ ಇಂಥ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಹಗಲೂ ರಾತ್ರಿ ಓಡಿಸುತ್ತಿದ್ದರಂತೆ. 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯೇ ನಿಂತುಹೋಗಿ ಎಲ್ಲರೂ ಕಾರ್ಡುಗಳನ್ನು ಮಾರಿದರಂತೆ. “ಯಾರ ಗಾಣದಲ್ಲಿ ತಿರುಗಿದ ಎತ್ತೋ ಇದು” ಎಂದುಕೊಂಡು ಎದ್ದೆವು.

ಮೂರನೆಯ ಅಂಗಡಿಯಲ್ಲಿ ನಮ್ಮಿಬ್ಬರಿಗೇ ಜಗಳ. ಪಟ್ಟಿಯಲ್ಲಿ ಎಸ್‌ಎಂಪಿಎಸ್ ಎಂಬುದಕ್ಕೆ ಅವಳು 1,800 ಬರೆದಿದ್ದಳು. ಅದೇನೆಂದು ಕೇಳಿದೆ. ಗೋಡೆಯ ಕರೆಂಟನ್ನು ತೆಗೆದುಕೊಂಡು ಒಳಗಿನ ಎಲ್ಲಕ್ಕೂ ಬೇಕಾದಷ್ಟು ಹಂಚುವ ಡಬ್ಬಿ ಅಂದಳು. ನನ್ನ ಎದೆ ಧಸಕ್ಕೆಂದಿತು. ನಮ್ಮ ಬೀದಿಯ ಕರೆಂಟಿಗೆ ಎರಡು ಮಿಕ್ಸಿ, ಒಂದು ಟಿ.ವಿ., ಫ್ರಿಜ್ಜಿನ ಕಂಪ್ರೆಸರ್ ಆಹುತಿಯಾಗಿವೆ. ಸ್ಟೆಬಿಲೈಜರ್ ಇಲ್ಲದೆ ನಾನು ಏನನ್ನೂ ಹಚ್ಚುವವಳಲ್ಲ. “70 ಸಾವಿರದ ಸಾಮಾನಿಗೆ 1,800ರ ಕಾವಲುಗಾರನೇ? ಆಗದು” ಅಂದೆ. ಅವಳಿಗೆ ಬಣ್ಣದ ದೀಪ ಮಿನುಗುವ ಗಾಜಿನ ಪೆಟ್ಟಿಗೆಯ ಮೇಲೆ ಮನಸ್ಸಿತ್ತು. ಒಳ್ಳೆಯ ಎಸ್‌ಎಂಪಿಎಸ್ ತೆಗೆದುಕೊಂಡರೆ ಆ ಪೆಟ್ಟಿಗೆ ಇಲ್ಲ. ಮುಖ ಸಣ್ಣದು ಮಾಡಿಕೊಂಡು ಐದು ನಿಮಿಷ ನಿಂತಳು. ಆಮೇಲೆ ತಾನೇ ಪೆನ್ನು ತೆಗೆದು 550 ವ್ಯಾಟಿನ ಒಳ್ಳೆಯ ಕಂಪನಿಯದು, 4,500 ಎಂದು ತಿದ್ದಿದಳು. ಪೆಟ್ಟಿಗೆ ಮೂರು ಸಾವಿರದ ಕಪ್ಪು ತಗಡಿನದು. ಕೀಬೋರ್ಡು, ಮೌಸು ಅಣ್ಣನ ಹಳೆಯವು. ಮಾನಿಟರ್ ಸೇರಿ 75 ಸಾವಿರ ಮುಗಿದು, ಮಧ್ಯಾಹ್ನದ ಇಡ್ಲಿಗೆ ನನ್ನ ಪರ್ಸಿನ ಚಿಲ್ಲರೆಯೇ ಗತಿಯಾಯಿತು.

ಭಾನುವಾರ ಊಟದ ಮೇಜಿನ ಮೇಲೆ ಜೋಡಣೆ. ಆ ಪ್ರೊಸೆಸರಿನ ಹೊಟ್ಟೆಯ ಕೆಳಗೆ 1,331 ಸೂಜಿಗಾಲುಗಳು ಇರುತ್ತವೆ, ನೋಡಿದ್ದೀರಾ? ಒಂದು ಬಾಗಿದರೂ ಕಷ್ಟ. ಮೂಲೆಯ ಪುಟ್ಟ ತ್ರಿಕೋನದ ಗುರುತು ನೋಡಿಕೊಂಡು, ಒತ್ತದೆ, ಹೂವು ಇಟ್ಟ ಹಾಗೆ ಇಟ್ಟಳು. ಕಪ್ಪೆ ಕತ್ತರಿಸಲು ಸ್ಥಿರವಾದ ಕೈ ಬೇಕು ಎಂದು ಕೋಚಿಂಗಿನಲ್ಲಿ ಯಾರೋ ಹೇಳಿದ್ದರಂತೆ. ಆ ಕೈ ಅವಳಿಗಿತ್ತು. ಮೂರು ಗಂಟೆ ಕಳೆದು ಸ್ವಿಚ್ ಒತ್ತಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಅಮಾವಾಸ್ಯೆ.

ಮತ್ತೆ ಬಿಚ್ಚಿದಳು, ಮತ್ತೆ ಜೋಡಿಸಿದಳು. ಮತ್ತೆ ಕತ್ತಲೆ. ಇವರು ಪೇಪರಿನ ಹಿಂದಿನಿಂದ ಕೆಮ್ಮಿದರು. ಮಗಳ ಗಲ್ಲ ನಡುಗತೊಡಗಿದ್ದನ್ನು ಕಂಡು ನನಗೆ ಜೂನ್ ತಿಂಗಳೇ ಮರಳಿ ಬಂದಂತಾಯಿತು. ಏನಾದರೂ ಮಾತಾಡಬೇಕಲ್ಲ ಎಂದು, “ಹಿಂದುಗಡೆ ಈ ವೈರಿನ ತೂತು ಎರಡು ಕಡೆ ಇದೆಯಲ್ಲೇ, ಒಂದು ಮೇಲೆ, ಒಂದು ಕೆಳಗೆ?” ಅಂದೆ. ಅವಳು ಹಣೆ ಚಚ್ಚಿಕೊಂಡಳು. ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿದ್ದಳು. ಆ ಪ್ರೊಸೆಸರಿಗೆ ಸ್ವಂತವಾಗಿ ಚಿತ್ರ ಬರೆಯಲು ಬಾರದು, ಕೇಬಲು ಕಾರ್ಡಿಗೇ ಹೋಗಬೇಕು. ಕೆಳಗಿನ ತೂತಿಗೆ ಹಾಕಿದ ಕೂಡಲೇ ಬೆಳಕು. ಮಗಳು ನನ್ನನ್ನು ತಬ್ಬಿಕೊಂಡ ರಭಸಕ್ಕೆ ಸ್ಕ್ರೂ ಡಬ್ಬಿ ಉರುಳಿ, ಇವತ್ತಿಗೂ ಕಸ ಗುಡಿಸುವಾಗ ಒಂದೊಂದು ಸಿಗುತ್ತದೆ.

ಮೊದಲ ವಾರ ಅವಳು ಆಡಿದ ಕತ್ತಿ, ಬಂದೂಕಿನ ಆಟಗಳು ನನಗೆ ಹಿಡಿಸಲಿಲ್ಲ. ಆಮೇಲೆ ನನಗೆಂದು ಯೂರೋ ಟ್ರಕ್ ಸಿಮ್ಯುಲೇಟರ್ ಎಂಬ ಲಾರಿ ಓಡಿಸುವ ಆಟ ಹಾಕಿಕೊಟ್ಟಳು. ಯೂರೋಪಿನ ಊರುಗಳ ನಡುವೆ ಸಾಮಾನು ಸಾಗಿಸಬೇಕು. ಸ್ಕೂಟಿಯನ್ನೂ ಮುಟ್ಟದ ನಾನು ಲಾರಿಯ ಮೇಲೆ ಹತ್ತಿದೆ. ಅಭ್ಯಾಸಬಲ, ರಸ್ತೆಯ ಎಡಗಡೆಗೇ ಹೋದೆ. ಅಲ್ಲಿ ಬಲಗಡೆ ಹೋಗಬೇಕಂತೆ. ಎದುರಿಗೆ ಬಸ್ಸು ಬಂತು.

ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಇವರು ಮೂವತ್ತು ವರ್ಷದಿಂದ ಉತ್ತರಕ್ಕೆ ಹೋಗುವ ಲಾರಿಗಳನ್ನು ನೋಡಿದವರು. ಯಾವಾಗ ಬಾಗಿಲಿಗೆ ಬಂದು ನಿಂತರೋ ನಮಗೆ ತಿಳಿಯಲಿಲ್ಲ.

“ಲೋಡು ಇರುವಾಗ ಹಾಗೆ ತಿರುಗಿಸಿದರೆ ಮಗುಚದೆ ಇರುತ್ತದೆಯೇ? ಪುಟ್ಟಿ, ನಿನ್ನ ಅಮ್ಮನಿಗೆ ಬ್ರೇಕ್ ಎಲ್ಲಿದೆ ತೋರಿಸು” ಅಂದರು.

ಮಗಳು ಕುರ್ಚಿ ಬಿಟ್ಟು ಎದ್ದಳು. “ನೀವೇ ಕೂತು ತೋರಿಸಿ, ಅಪ್ಪ.”