ಖಾಲಿ ಚೀಟಿ

ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಗೆಳತಿಯೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಹೆಂಗಸು ಪಾದ್ರಿಯಾಗಬಹುದೇ ಎಂದು ನಿಮ್ಮ ಚರ್ಚಿನಲ್ಲಿ ದೊಡ್ಡ ಗಲಾಟೆಯಂತೆ, ಹೌದೇ?" ಎಂದು ಕೇಳಿದರು. ನೈರೋಬಿಯ ಕನ್ನಡ ಬಳಗ ಚಿಕ್ಕದು. ಅದರಲ್ಲಿ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟು. ಸುದ್ದಿ ಅಡಗಿರುವುದಿಲ್ಲ. "ಗಲಾಟೆಯೇನಿಲ್ಲ, ಮತದಾನ ನಡೆಯಿತು, ಮುಗಿಯಿತು" ಎಂದೆ. ಮುಗಿದಿರಲಿಲ್ಲ. ಅಂದು ಬಾಳೆಯೆಲೆಯ ಮುಂದೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ಬಾಸೆಲ್ ಮಿಷನ್ ಪರಂಪರೆಯ ಮನೆಯಲ್ಲಿ. ಬಾಸೆಲ್ ಮಿಷನ್ ಎಂದೊಡನೆ ನಿಮ್ಮಲ್ಲಿ ಹಲವರಿಗೆ ಮಂಗಳೂರಿನ ಹೆಂಚು, 1843ರ 'ಮಂಗಳೂರ ಸಮಾಚಾರ', 1894ರಲ್ಲಿ ಹೊರಬಂದ ಕಿಟೆಲ್ ನಿಘಂಟು ನೆನಪಾಗುತ್ತವೆ. ನನಗೆ ನೆನಪಾಗುವುದು ಅಜ್ಜಿಯ ಕಪ್ಪು ಕೊಡೆ. ಅಜ್ಜಿ ಸಭೆಯ 'ಬೈಬಲ್ ಹೆಂಗಸು' ಆಗಿದ್ದರು. ಗಂಡಸರಾದ ಉಪದೇಶಕರು ಕಾಲಿಡಲಾಗದ ಒಳಮನೆಗಳಿಗೆ ಹೋಗಿ ಹೆಂಗಸರಿಗೆ ಓದಿ ಹೇಳುವುದು, ಅಕ್ಷರ ಕಲಿಸುವುದು, ಬಾಣಂತಿಯರ ಮತ್ತು ಸಾಯುತ್ತಿರುವವರ ಹಾಸಿಗೆಯ ಬಳಿ ಕುಳಿತು ಪ್ರಾರ್ಥಿಸುವುದು ಇವೆಲ್ಲ ಆ ಹೆಸರಿನ ಕೆಳಗೆ ಬರುತ್ತಿದ್ದ ಕೆಲಸಗಳು. ಸಂಬಳ ಅಲ್ಪ. ಕೊಡೆ ಮಿಷನ್ನಿನದು.

ಅಜ್ಜಿ ಒಂದೇ ಒಂದು ಪ್ರಸಂಗವನ್ನು ಪದೇ ಪದೇ ಹೇಳುತ್ತಿದ್ದರು. 1940ರ ದಶಕದ ಒಂದು ಮಳೆಗಾಲ. ಪಕ್ಕದ ಹಳ್ಳಿಯಲ್ಲಿ ಒಂದು ಮಗು ತೀರಿಕೊಂಡಿತು. ಪಾದ್ರಿಗಳಿಗೆ ಹೇಳಿ ಕಳುಹಿಸಿದರು. ಆ ಸೀಮೆಯ ಎರೆಮಣ್ಣನ್ನು ಬಲ್ಲವರಿಗೆ ಗೊತ್ತು: ಎರಡು ದಿನ ಮಳೆ ಹಿಡಿದರೆ ಸೈಕಲ್ಲಿನ ಗಾಲಿ ತಿರುಗದು, ಕಾಲಿನ ಚಪ್ಪಲಿ ಮಣ್ಣಿನಲ್ಲೇ ಉಳಿಯುತ್ತದೆ. ಪಾದ್ರಿಗಳು ಬರಲಿಲ್ಲ. ಸಂಜೆಯವರೆಗೆ ಕಾದು, ಮಗುವಿನ ತಾಯಿಯ ಮುಖ ನೋಡಲಾರದೆ, ಅಜ್ಜಿಯೇ ಕುಣಿಯ ಬದಿಯಲ್ಲಿ ನಿಂತು ಪ್ರಾರ್ಥನೆ ಹೇಳಿ ಮಣ್ಣು ಹಾಕಿಸಿದರು. ಮೂರನೆಯ ದಿನ ಪಾದ್ರಿಗಳು ಬಂದರು. ಬೈಯಲಿಲ್ಲ. ಸಮಾಧಿಯ ಬಳಿ ಹೋಗಿ, ಪುಸ್ತಕ ತೆರೆದು, ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದರು. ಬಳಿಕ ದಾಖಲೆ ಪುಸ್ತಕದಲ್ಲಿ ತಮ್ಮ ಸಹಿ ಹಾಕಿದರು. ಅಜ್ಜಿ ಕೊಡೆ ಹಿಡಿದು ಅವರ ಹಿಂದೆ ನಿಂತಿದ್ದರು. "ನಾನು ಹೇಳಿದ್ದು ಎಲ್ಲಿಗೆ ಹೋಯಿತೋ" ಎಂದು ಹೇಳಿ ಅಜ್ಜಿ ನಗುತ್ತಿದ್ದರು. ಆ ನಗು ನನಗೆ ಅರ್ಥವಾಗಲು ಬಹುಕಾಲ ಹಿಡಿಯಿತು.

ನಾವು ನೈರೋಬಿಗೆ ಬಂದದ್ದು 1998ರಲ್ಲಿ. ಇಲ್ಲಿ ಬ್ಯಾಪ್ಟಿಸ್ಟ್ ಸಭೆಯೊಂದನ್ನು ಸೇರಿದೆವು. ಏಕೆ ಎಂದು ಕೇಳಿದರೆ ದೈವಶಾಸ್ತ್ರದ ಉತ್ತರ ನನ್ನಲ್ಲಿಲ್ಲ. ಅದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು, ಆಗ ನಮಗೆ ಕಾರು ಇರಲಿಲ್ಲ. ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿವಳಿಕೆ ಬಂದವರು ತಾವಾಗಿ ಒಪ್ಪಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಬೆಟಗೇರಿಯಲ್ಲಿ ಕೂಸಾಗಿದ್ದಾಗ ನನ್ನ ತಲೆಯ ಮೇಲೆ ಬಿದ್ದ ಮೂರು ಹನಿಗಳು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಸದಸ್ಯತ್ವ ಬೇಕಾದರೆ, ಅಂದರೆ ಸಭೆಯಲ್ಲಿ ಮತ ಹಾಕುವ ಹಕ್ಕು ಬೇಕಾದರೆ, ಮತ್ತೆ ದೀಕ್ಷೆ ಪಡೆಯಬೇಕಿತ್ತು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಜುಲೈ ತಿಂಗಳ ಚಳಿಯಲ್ಲಿ, ಬಿಳಿಯ ನಿಲುವಂಗಿ ತೊಟ್ಟು ನೀರಿಗಿಳಿದೆ. ತಾಯಿಗೆ ಪತ್ರದಲ್ಲಿ ಇದನ್ನು ಬರೆಯಲಿಲ್ಲ.

ಮತದ ಹಕ್ಕು ಎಂದೆನಲ್ಲ, ವಿಷಯದ ತಿರುಳು ಇರುವುದು ಅಲ್ಲಿಯೇ. ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ಪರಿದ್ದಾರೆ, ಅವರ ಮೇಲೆ ಸಿನೊಡ್ ಇದೆ. ಮೇಲಿನವರು ನಿರ್ಧರಿಸಿದ್ದು ಕೆಳಗೆ ಬರುತ್ತದೆ. ಬ್ಯಾಪ್ಟಿಸ್ಟರಲ್ಲಿ ಬಿಷಪ್ಪರಿಲ್ಲ. ಪ್ರತಿಯೊಂದು ಸ್ಥಳೀಯ ಸಭೆಯೂ ಸ್ವತಂತ್ರ. ಯಾರನ್ನು ಸಭಾಪಾಲಕರನ್ನಾಗಿ ಕರೆಯಬೇಕು, ಯಾರ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡಬೇಕು ಎಂಬುದನ್ನು ಆ ಸಭೆಯ ಸದಸ್ಯರೇ ಮತ ಹಾಕಿ ತೀರ್ಮಾನಿಸುತ್ತಾರೆ. ಒಕ್ಕೂಟಗಳಿವೆ, ಆದರೆ ಅವು ಆಜ್ಞೆ ಮಾಡಲಾರವು. ಹೆಚ್ಚೆಂದರೆ ಒಪ್ಪದ ಸಭೆಯನ್ನು ಹೊರಗಿಡಬಲ್ಲವು. (ಕನ್ನಡಿಗರಿಗೆ ಬ್ಯಾಪ್ಟಿಸ್ಟರ ನಂಟು ಹೊಸದೇನಲ್ಲ. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಬರೆದು ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಮಿಷನರಿಯೇ.)

ನಮ್ಮ ಸಭೆಯಲ್ಲಿ ಒಬ್ಬ ಮಹಿಳೆ ಹದಿನಾಲ್ಕು ವರ್ಷಗಳಿಂದ ಸೇವೆ ಮಾಡುತ್ತಿದ್ದರು. ದೈವಶಾಸ್ತ್ರದ ಪದವೀಧರೆ. ಇಂಗ್ಲಿಷ್ ಆರಾಧನೆಯ ಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ 'ಸೇವಾ ಸಂಯೋಜಕಿ' ಎಂಬರ್ಥದ ಪದವಿರುತ್ತಿತ್ತು. ಸ್ವಾಹಿಲಿ ಆರಾಧನೆಗೆ ಬರುವವರು ಮಾತ್ರ ಅವರನ್ನು ಎಂದಿನಿಂದಲೋ 'ಮ್ಚುಂಗಾಜಿ' ಎಂದೇ ಕರೆಯುತ್ತಿದ್ದರು. ಆ ಮಾತಿಗೆ ಕುರುಬ, ಕಾಯುವವ ಎಂದರ್ಥ. ಪಾದ್ರಿಗೂ ಅದೇ ಮಾತು. ಕಾಯುವವ ಎಂದು ನಾನು ಬರೆದೊಡನೆ ಕನ್ನಡ ಅದನ್ನು ಗಂಡು ಮಾಡಿಬಿಟ್ಟಿತು, ನೋಡಿ. ಸ್ವಾಹಿಲಿಯಲ್ಲಿ ಗಂಡು ಹೆಣ್ಣೆಂಬ ವ್ಯಾಕರಣವೇ ಇಲ್ಲ; ಅವನು, ಅವಳು ಎರಡಕ್ಕೂ 'ಯೆಯೆ' ಒಂದೇ. ನಾವು 'ಸಭಾಪಾಲಕರು ಬಂದರು' ಎಂದು ಗೌರವದ ಬಹುವಚನದ ಮರೆಯಲ್ಲಿ ನಿಂತಾಗಷ್ಟೇ ಆ ಅನುಕೂಲ ಪಡೆಯುತ್ತೇವೆ. ಆದರೆ 'ಮಾಮಾ ಮ್ಚುಂಗಾಜಿ' ಎಂದರೆ ಪಾದ್ರಿಯ ಹೆಂಡತಿ. ನಮ್ಮ ಕಡೆ ಪಾದ್ರಿಗಳ ಮನೆಯವರನ್ನು 'ಅಮ್ಮನವರು' ಎಂದ ಹಾಗೆ. ಈ ಮಹಿಳೆಯನ್ನು ಯಾರೂ ಹಾಗೆ ಕರೆಯಲಿಲ್ಲ. ಅವರು ಅವಿವಾಹಿತರು.

2021ರಲ್ಲಿ ನನ್ನ ಗಂಡ ಕೋವಿಡ್‌ನಿಂದ ಆಸ್ಪತ್ರೆ ಸೇರಿದಾಗ ಹನ್ನೊಂದು ದಿನ ರಾತ್ರಿ ಎಂಟಕ್ಕೆ ತಪ್ಪದೆ ಅವರ ದೂರವಾಣಿ ಕರೆ ಬರುತ್ತಿತ್ತು. ಮೊದಲು ಆಮ್ಲಜನಕದ ಅಂಕಿ ಕೇಳುತ್ತಿದ್ದರು, ಆಮೇಲೆ ನಾನು ಉಂಡೆನೇ ಎಂದು ಕೇಳುತ್ತಿದ್ದರು, ಪ್ರಾರ್ಥನೆ ಕೊನೆಗೆ. ಗಂಡ ಮನೆಗೆ ಬಂದರು.

2023ರಲ್ಲಿ ಇವರಿಗೆ ಸಭಾಪಾಲಕ ದೀಕ್ಷೆ ಕೊಡಬೇಕೆಂಬ ಪ್ರಸ್ತಾಪ ಬಂತು. ಕೀನ್ಯಾದಲ್ಲಿ ಇದೇನೂ ಕಂಡರಿಯದ ಸಂಗತಿಯಲ್ಲ. ಪ್ರೆಸ್ಬಿಟೇರಿಯನ್ನರು 1982ರಲ್ಲೇ ನ್ಯಾಂಬುರಾ ಂಜೊರೊಗೆ ಅವರಿಗೆ ದೀಕ್ಷೆ ಕೊಟ್ಟಿದ್ದರು. ಆಂಗ್ಲಿಕನ್ನರಲ್ಲಿ 2021ರ ಒಂದೇ ವರ್ಷದಲ್ಲಿ ಎಮಿಲಿ ಒನ್ಯಾಂಗೊ ಬೊಂಡೊದ ಸಹಾಯಕ ಬಿಷಪ್ಪರಾದರು, ರೋಸ್ ಒಕೆನೊ ಬುಟೆರೆಯ ಬಿಷಪ್ಪರಾದರು. ಆದರೆ ಬ್ಯಾಪ್ಟಿಸ್ಟರ ಕಿವಿ ಅಮೆರಿಕದ ಕಡೆಗೆ ತಿರುಗಿರುತ್ತದೆ. ಇಲ್ಲಿನ ಅನೇಕ ಸಭೆಗಳ ಮೂಲದಲ್ಲಿ 1950ರ ದಶಕದಿಂದ ಬಂದ ಸದರ್ನ್ ಬ್ಯಾಪ್ಟಿಸ್ಟ್ ಮಿಷನರಿಗಳಿದ್ದಾರೆ. ಅವರ ಒಕ್ಕೂಟ 2000ದಲ್ಲಿ ತನ್ನ ನಂಬಿಕೆಯ ಹೇಳಿಕೆಯನ್ನು ತಿದ್ದಿ, ಪಾಸ್ಟರ್ ಹುದ್ದೆ ಪುರುಷರಿಗೆ ಮಾತ್ರ ಎಂದು ಬರೆಯಿತು. 2023ರ ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸೇರಿ, ಮಹಿಳಾ ಪಾಸ್ಟರ್‌ಗಳನ್ನು ಇಟ್ಟುಕೊಂಡಿದ್ದ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಎಂಬ ಭಾರಿ ಸಭೆಯನ್ನೂ ಲೂಯಿವಿಲ್‌ನ ಫರ್ನ್ ಕ್ರೀಕ್ ಎಂಬ ಸಣ್ಣ ಸಭೆಯನ್ನೂ ಹೊರಹಾಕಿದ ತೀರ್ಮಾನವನ್ನು ಎತ್ತಿಹಿಡಿಯಿತು. ಆ ಸುದ್ದಿಯ ಮುದ್ರಿತ ಪ್ರತಿಯನ್ನು ಹಿಡಿದು ನಮ್ಮ ಹಿರಿಯರೊಬ್ಬರು ಸಭೆಗೆ ಬಂದರು.

ಅವರ ಬಗ್ಗೆ ಒಂದು ಮಾತು. ಅವರು ದುಷ್ಟರಲ್ಲ. ನನ್ನ ಮಗನಿಗೆ ಗಣಿತ ಕಲಿಸಿದವರು, ನಮ್ಮ ಮನೆಯಲ್ಲಿ ಬಿಸಿಬೇಳೆಭಾತನ್ನು ಕೇಳಿ ಹಾಕಿಸಿಕೊಂಡು ಉಂಡವರು. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯವನ್ನು ಅವರು ಓದಿದರು: ಸ್ತ್ರೀ ಉಪದೇಶ ಮಾಡಬಾರದು, ಪುರುಷನ ಮೇಲೆ ಅಧಿಕಾರ ನಡೆಸಬಾರದು. "ಇದು ನನ್ನ ಮಾತಲ್ಲ. ನನ್ನ ಮಾತಾಗಿದ್ದರೆ ನಾಳೆಯೇ ಬದಲಿಸುತ್ತಿದ್ದೆ" ಎಂದಾಗ ಅವರ ಕಣ್ಣು ತುಂಬಿತ್ತು. ಒಬ್ಬ ಯುವಕ ಎದ್ದು, ಅದೇ ಪೌಲನು ಕೊರಿಂಥದವರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥಿಸುವ, ಪ್ರವಾದಿಸುವ ಮಾತು ಬರುತ್ತದಲ್ಲ ಎಂದ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಫೊಯಿಬೆ ಎಂಬಾಕೆಗೆ ಬಳಸಿದ 'ದಿಯಾಕೊನೊಸ್' ಎಂಬ ಗ್ರೀಕ್ ಪದವನ್ನೇ ಪೌಲನು ತನಗೂ ಬಳಸಿಕೊಂಡಿದ್ದಾನೆ ಎಂದ. ಹಿರಿಯರು ತಲೆಯಾಡಿಸಿದರು, ಒಪ್ಪಲಿಲ್ಲ. ನನಗೆ ಯುವಕನ ವಾದ ಬಲವಾಗಿ ಕಂಡಿತು. ಹಿರಿಯರ ನೋವು ಅದಕ್ಕಿಂತ ಬಲವಾಗಿ ಕಂಡಿತು. ತಪ್ಪಿದ್ದು ಅಲ್ಲಿ.

ನವೆಂಬರಿನ ಒಂದು ಭಾನುವಾರ ಮತದಾನ. ಹೊರಗೆ ಮಳೆ, ಅಂಗಳದ ತುಂಬ ಉದುರಿದ ಜಕರಾಂಡಾ ಹೂ. ಚೀಟಿಯಲ್ಲಿ ಎರಡು ಚೌಕಗಳಿದ್ದವು. ಹಾಜರಿದ್ದವರ ಮೂರನೆಯ ಎರಡು ಭಾಗ ಒಪ್ಪಬೇಕೆಂಬುದು ನಿಯಮ. ಪಕ್ಕದ ಸಾಲಿನಲ್ಲಿ ಆ ಹಿರಿಯರು ಕೈಮುಗಿದು ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಆ ಮಹಿಳೆ ಕುಳಿತಿದ್ದರು. ನಾನು ಯಾರನ್ನೂ ನೋಯಿಸಬಾರದೆಂದುಕೊಂಡೆ, ಸಭೆ ಒಡೆಯಬಾರದೆಂದುಕೊಂಡೆ. ಚೀಟಿಯನ್ನು ಹಾಗೆಯೇ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಪ್ರಸ್ತಾಪ ಕೆಲವೇ ಮತಗಳಿಂದ ಬಿದ್ದುಹೋಯಿತು. ಖಾಲಿ ಚೀಟಿಗಳೂ ಹಾಜರಿಯ ಲೆಕ್ಕದಲ್ಲಿ ಸೇರುತ್ತವೆ, ಆದ್ದರಿಂದ ಅವು ವಿರೋಧದ ಮತಕ್ಕೆ ಸಮ ಎಂದು ಎಣಿಸಿದವರು ಆಮೇಲೆ ವಿವರಿಸಿದರು. ಇದು ನನಗೆ ಮೊದಲೇ ತಿಳಿದಿರಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ಯೋಚಿಸಿದ್ದರೆ ತಿಳಿಯುತ್ತಿತ್ತು.

ಯುಗಾದಿಯ ದಿನ ಗೆಳತಿ ಮುಂದುವರಿಸಿ, "ನಮ್ಮಲ್ಲಿ ಅಕ್ಕಮಹಾದೇವಿಯ ಕಾಲದಿಂದ ಇಂಥ ತಕರಾರಿಲ್ಲ" ಎಂದರು. ಇದೆ ಎಂದು ನಾನು ವಾದಿಸಲಿಲ್ಲ. ಮಾತೆ ಮಹಾದೇವಿಯವರು 1966ರಲ್ಲಿ ಲಿಂಗಾನಂದ ಸ್ವಾಮಿಗಳಿಂದ ದೀಕ್ಷೆ ಪಡೆದು 1970ರಲ್ಲಿ ಪೀಠವೇರಿದಾಗ ಹೆಣ್ಣು ಜಗದ್ಗುರುವಾಗುವುದೇ ಎಂದು ಹುಬ್ಬೇರಿಸಿದವರಿದ್ದರು. 2013ರ ಅಕ್ಟೋಬರಿನಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ ಇಬ್ಬರು ವಿಧವೆಯರು ಅರ್ಚಕರಾದದ್ದು ದೇಶವೆಲ್ಲ ಸುದ್ದಿಯಾಯಿತು; ತಕರಾರಿಲ್ಲದ ಕಡೆ ಅದು ಸುದ್ದಿಯಾಗುವುದಿಲ್ಲ. ಅದಕ್ಕೆ ಕೆಲವೇ ದಿನ ಮುಂಚೆ, ಸೆಪ್ಟೆಂಬರಿನಲ್ಲಿ, ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ಪರಾಗಿ ಪುಷ್ಪಲಲಿತಾ ಅವರು ನಂದ್ಯಾಲದ ಹೊಣೆ ಹೊತ್ತಿದ್ದರು. ಕುದ್ರೋಳಿಯಲ್ಲಿ ಜನಾರ್ದನ ಪೂಜಾರಿಯವರು ಮುಂದೆ ನಿಂತು ಮಾಡಿಸಿದರು. ಮಾತೆ ಮಹಾದೇವಿಯವರಿಗೆ ಗುರುವಿನ ಬೆಂಬಲವಿತ್ತು. ಮಾಡಿಸದೆ ಇದ್ದಿದ್ದರೆ ಜನ ಅವರನ್ನು ದೂರಬಹುದಿತ್ತು. ಅಜ್ಜಿಯೂ ಬೇಕಿದ್ದರೆ ಪಾದ್ರಿಗಳನ್ನು ದೂರಬಹುದಿತ್ತು. ನಮ್ಮ ಸಭೆಯಲ್ಲಿ ದೂರಲು ಮೇಲೆ ಯಾರೂ ಇಲ್ಲ. ಚೀಟಿ ನನ್ನ ಕೈಯಲ್ಲಿತ್ತು, ಪೆನ್ನೂ ಇತ್ತು.

2024ರ ಜೂನ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಆ ನಿಷೇಧವನ್ನು ತಮ್ಮ ಸಂವಿಧಾನದಲ್ಲೇ ಸೇರಿಸಲು ಮತ ಹಾಕಿದರು. ನೂರಕ್ಕೆ 61ರಷ್ಟು ಒಪ್ಪಿದರೂ ಮೂರನೆಯ ಎರಡು ಭಾಗವಾಗದೆ ತಿದ್ದುಪಡಿ ಬಿದ್ದುಹೋಯಿತು. ಅಲ್ಲಿ ಬೇಡವೆನ್ನಲು ಸಾಲದಾದ ಲೆಕ್ಕ ನಮ್ಮಲ್ಲಿ ಬೇಕೆನ್ನಲು ಸಾಲಲಿಲ್ಲ. ಆ ಸುದ್ದಿಯನ್ನು ಹಿರಿಯರು ಮುದ್ರಿಸಿ ತರಲಿಲ್ಲ.

ಸದರ್ನ್ ಬ್ಯಾಪ್ಟಿಸ್ಟರಲ್ಲಿ ಮೊದಲು ದೀಕ್ಷೆ ಪಡೆದ ಮಹಿಳೆ ಆ್ಯಡಿ ಡೇವಿಸ್. 1964ರಲ್ಲಿ ಉತ್ತರ ಕೆರೊಲಿನಾದ ಡರಮ್‌ನ ವಾಟ್ಸ್ ಸ್ಟ್ರೀಟ್ ಸಭೆ ಅವರಿಗೆ ದೀಕ್ಷೆ ಕೊಟ್ಟಿತು. ಆದರೆ ಪಾಸ್ಟರ್ ಆಗಿ ಕರೆ ಬಂದದ್ದು ದೂರದ ವರ್ಮಾಂಟ್‌ನಿಂದ. ನಮ್ಮವರಿಗೂ ಹಾಗೆಯೇ ಆಯಿತು. ಸಭೆಗಳು ಸ್ವತಂತ್ರವೆಂದೆನಲ್ಲ, ಥೀಕಾ ರಸ್ತೆಯ ಕಡೆಯ ಚಿಕ್ಕ ಬ್ಯಾಪ್ಟಿಸ್ಟ್ ಸಭೆಯೊಂದು ಅವರನ್ನು ಕರೆಯಿತು. ಆಗಸ್ಟಿನಲ್ಲಿ ದೀಕ್ಷೆ. ನಾನೂ ಗಂಡನೂ ಹೋದೆವು. ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ಮಂಡಿಯೂರಿದ ಅವರು. ಅಲ್ಲಿನ ರೂಢಿಯಂತೆ ಸಭೆಯವರೆಲ್ಲ ಒಬ್ಬೊಬ್ಬರಾಗಿ ಹೋಗಿ ತಲೆಯ ಮೇಲೆ ಕೈಯಿಟ್ಟು ಬಂದರು. ಅತಿಥಿಗಳೂ ಬರಬಹುದೆಂದು ಸ್ವಾಹಿಲಿಯಲ್ಲಿ ಹೇಳಿದರು. ಗಂಡ ಎದ್ದು ಹೋದರು. ನಾನು ಎದ್ದು ಸಾಲಿನಲ್ಲಿ ನಿಂತೆ, ನನ್ನ ಸರದಿಗೆ ಮೂವರು ಉಳಿದಿದ್ದಾಗ ಬದಿಗೆ ಸರಿದೆ. ಕಾರಣ ಕೇಳಿದ ಗಂಡನಿಗೆ ಮಂಡಿನೋವು ಎಂದೆ.

ಆಮೇಲೆ ಚಹಾ ಕುಡಿಯುವಾಗ ಅವರೇ ನನ್ನ ಬಳಿ ಬಂದು ದಾರಿಯಲ್ಲಿ ವಾಹನ ದಟ್ಟಣೆ ಇತ್ತೇ, ಉಂಡಿರಾ ಎಂದು ಕೇಳಿದರು. ಉಂಡೆವೆಂದೆ. ಖಾಲಿ ಚೀಟಿಗಳಲ್ಲಿ ಒಂದು ನನ್ನದೆಂದು ಅವರಿಗೆ ಇಂದಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಆದರೆ ಇದು ಕನ್ನಡದಲ್ಲಿದೆ. ಅವರಿಗೆ ಓದಲು ಬಾರದು.